ಮಂದೆಯನ್ನು ಬಿಟ್ಟುಹೋಗದ ಕುರುಬನು

ಕತ್ತಿ ಹಿಡಿದು ಶತ್ರುವನ್ನು ಎದುರಿಸಿದವರ ಹೆಸರುಗಳು ಲೋಕದಲ್ಲಿ ಬೇಗನೆ ಪ್ರಸಿದ್ಧಿಗೆ ಬರುತ್ತವೆ. ಕೈಯಲ್ಲಿ ಏನೂ ಇಲ್ಲದೆ, ಪಾರಾಗುವದಕ್ಕೆ ಬಾಗಿಲು ತೆರೆದಿದ್ದರೂ ಪಾರಾಗದೆ, ತಮಗೆ ಒಪ್ಪಿಸಲ್ಪಟ್ಟ ಜನರ ನಡುವೆ ಕಡೇ ವರೆಗೂ ನಿಂತವರ ಸಂಗತಿಯು ಹಳ್ಳಿಗಳಿಗೆ ಮುಟ್ಟುವದು ಅಪರೂಪ. ಆದಕಾರಣ ಈ ಸಾರಿ ನಾವು ಜರ್ಮನಿ ದೇಶದ ಯೆಹೂದ್ಯರಿಗೆ ಗುರುವಾಗಿದ್ದ ಲಿಯೋ ಬೆಕ್ ಎಂಬವರ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ. ಇವರು ಕ್ರೈಸ್ತರಲ್ಲ, ರಬ್ಬಿಗಳು. ರಬ್ಬಿ ಎಂದರೆ ಧರ್ಮಶಾಸ್ತ್ರವನ್ನು ಕಲಿಸುವ ಗುರು ಎಂಬದನ್ನು ಸುವಾರ್ತೆಗಳನ್ನು ಓದುವವರೆಲ್ಲರೂ ಬಲ್ಲರು. ಇವರು ತೀರಿಕೊಂಡು ಸುಮಾರು ಎಪ್ಪತ್ತು ವರ್ಷಗಳಾಗುತ್ತಾ ಬಂದಿದ್ದರೂ ಇವರ ನಡತೆಯಲ್ಲಿ ಪ್ರತಿಯೊಬ್ಬ ಸಭಾಪಾಲಕನೂ, ಪ್ರತಿಯೊಬ್ಬ ಮನೆಯ ಯಜಮಾನನೂ ಆಲೋಚಿಸತಕ್ಕ ವಿಷಯಗಳುಂಟು.

1. ಜನನವೂ ವಿದ್ಯಾಭ್ಯಾಸವೂ

ಬೆಕ್‌ರವರು 1873ನೆಯ ಇಸವಿ ಮೇ 23ನೆಯ ತಾರೀಖಿನಲ್ಲಿ ಲಿಸ್ಸಾ ಎಂಬ ಊರಲ್ಲಿ ಹುಟ್ಟಿದರು. ಆ ಊರು ಆಗ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಈಗ ಪೋಲೆಂಡ್ ದೇಶದಲ್ಲಿದ್ದು ಲೆಶ್ನೋ ಎಂದು ಕರೆಯಲ್ಪಡುತ್ತದೆ. ಪ್ರಾಟೆಸ್ಟಂಟ್ ಸಭೆಯ ಚರಿತ್ರೆಯಲ್ಲಿಯೂ ಆ ಊರಿನ ಹೆಸರುಂಟು. ಹದಿನೇಳನೆಯ ಶತಮಾನದಲ್ಲಿ ಬೊಹೆಮಿಯ ದೇಶದಿಂದ ಹೊರಗೆ ಅಟ್ಟಲ್ಪಟ್ಟ ಸಹೋದರಸಭೆಯವರು ಅಲ್ಲಿ ಆಶ್ರಯ ಪಡೆದರು. ಅವರ ಬಿಷಪರೂ ಪ್ರಖ್ಯಾತ ಶಿಕ್ಷಕರೂ ಆಗಿದ್ದ ಕೊಮೇನಿಯಸ್ ಎಂಬವರು ಬಹು ವರ್ಷ ಅಲ್ಲಿ ವಾಸಿಸಿದರು. ಹಿಂಸೆಪಟ್ಟವರಿಗೆ ಒಮ್ಮೆ ಆಶ್ರಯವಾಗಿದ್ದ ಅಂಥ ಊರಲ್ಲಿ, ತಾನೂ ರಬ್ಬಿಯಾಗಿದ್ದ ತಂದೆಯ ಕೈಕೆಳಗೆ, ಬಾಲಕನು ಬೆಳೆದನು.

ಮುಂದೆ ಇವರು ಬ್ರೆಸ್ಲಾವ್ ಪಟ್ಟಣದ ರಬ್ಬಿಗಳ ಪಾಠಶಾಲೆಯಲ್ಲಿಯೂ, ಬಳಿಕ ಬರ್ಲಿನ್ ಪಟ್ಟಣದಲ್ಲಿಯೂ ಕಲಿತು, 1895ರಲ್ಲಿ ತತ್ವಶಾಸ್ತ್ರದಲ್ಲಿ ಪಂಡಿತರೆಂಬ ಪದವಿಯನ್ನೂ, 1897ರಲ್ಲಿ ರಬ್ಬಿಯ ಅಭಿಷೇಕವನ್ನೂ ಪಡೆದರು. ಓಪೆಲ್ನ್, ಡ್ಯುಸೆಲ್ಡಾರ್ಫ್ ಎಂಬ ಊರುಗಳಲ್ಲಿ ಸೇವೆ ಮಾಡಿದ ಮೇಲೆ 1912ರಲ್ಲಿ ರಾಜಧಾನಿಯಾದ ಬರ್ಲಿನಿಗೆ ಕರೆಯಲ್ಪಟ್ಟರು. ನತಾಲಿ ಎಂಬ ಪತ್ನಿ, ರೂತ್ ಎಂಬ ಒಬ್ಬಳೇ ಮಗಳು, ಇಷ್ಟೇ ಇವರ ಸಂಸಾರ.

ಇವರ ಹೆಸರು ಮೊದಲು ಪ್ರಸಿದ್ಧಿಗೆ ಬಂದದ್ದು ಒಂದು ಪುಸ್ತಕದಿಂದ. 1900ರಲ್ಲಿ ಹಾರ್ನಾಕ್ ಎಂಬ ಘನ ಪ್ರಾಟೆಸ್ಟಂಟ್ ಪಂಡಿತರು ಕ್ರೈಸ್ತಮತದ ಸಾರವೇನೆಂಬದನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಅದರಲ್ಲಿ ಯೇಸುವಿನ ಕಾಲದ ಯೆಹೂದ್ಯಮತವನ್ನು ಬಹಳ ಕೀಳಾಗಿ ಕಾಣಿಸಿದ್ದರು. ಸಣ್ಣ ಊರಿನ ಯುವ ರಬ್ಬಿಯಾಗಿದ್ದ ಬೆಕ್‌ರವರು ಅದಕ್ಕೆ ಕೋಪದಿಂದಲ್ಲ, ಪಾಂಡಿತ್ಯದಿಂದ ಉತ್ತರ ಕೊಡಲು ನಿಶ್ಚಯಿಸಿ, 1905ರಲ್ಲಿ ಯೆಹೂದ್ಯಮತದ ಸಾರ ಎಂಬ ಗ್ರಂಥವನ್ನು ಬರೆದರು. ಕರ್ತವ್ಯವನ್ನು ಮಾಡುವದರಲ್ಲಿಯೇ ಮನುಷ್ಯನು ದೇವರ ಮರ್ಮವನ್ನು ಸಂಧಿಸುತ್ತಾನೆಂಬದು ಇವರ ಬೋಧನೆಯ ತಿರುಳು. ಹೀಗೆ ಕಾಗದದ ಮೇಲೆ ಬರೆದದ್ದನ್ನು ಮುಂದೆ ತಮ್ಮ ಮೈಯಿಂದಲೇ ನೆರವೇರಿಸಬೇಕಾಗುವದೆಂದು ಆಗ ಯಾರು ಬಲ್ಲರು? 1914ರಿಂದ 1918ರ ವರೆಗೆ ನಡೆದ ಮಹಾಯುದ್ಧದಲ್ಲಿ ಇವರು ಜರ್ಮನ್ ಸೈನ್ಯದ ಯೆಹೂದ್ಯ ಸಿಪಾಯಿಗಳಿಗೆ ಗುರುವಾಗಿ ಯುದ್ಧಭೂಮಿಯಲ್ಲಿ ಸೇವೆ ಮಾಡಿದರು.

2. ಕತ್ತಲೆ ಕವಿದ ವರ್ಷಗಳು

1933ರ ಜನವರಿಯಲ್ಲಿ ಹಿಟ್ಲರನ ಕೈಗೆ ರಾಜ್ಯಾಧಿಕಾರ ಬಂತು. ಆಗ ಜರ್ಮನಿಯಲ್ಲಿ ಸುಮಾರು ಐದು ಲಕ್ಷ ಯೆಹೂದ್ಯರಿದ್ದರು. ಅವರು ಹುಟ್ಟಿನಿಂದಲೇ ಶತ್ರುಗಳೆಂದು ಹೊಸ ಸರಕಾರವು ಸಾರಿತು. ಏಪ್ರಿಲ್ 1ರಂದು ಅವರ ಅಂಗಡಿಗಳಿಗೆ ಬಹಿಷ್ಕಾರ ಹಾಕಲ್ಪಟ್ಟಿತು, ಉದ್ಯೋಗದಲ್ಲಿದ್ದವರು ತೆಗೆದುಹಾಕಲ್ಪಟ್ಟರು, ಶಾಲೆಯ ಮಕ್ಕಳು ಸಹ ಅವಮಾನಪಟ್ಟರು. ಈ ಇಕ್ಕಟ್ಟಿನಲ್ಲಿ, ಮುಂಚೆ ತಮ್ಮತಮ್ಮೊಳಗೆ ಒಮ್ಮತವಿಲ್ಲದೆ ಇದ್ದ ಯೆಹೂದ್ಯ ಸಂಘಗಳೆಲ್ಲಾ ಒಂದಾಗಿ ಅದೇ ವರುಷದ ಸೆಪ್ಟೆಂಬರಿನಲ್ಲಿ ಒಂದು ಪ್ರತಿನಿಧಿಸಭೆಯನ್ನು ಮಾಡಿಕೊಂಡವು. ಎಲ್ಲಾ ಪಕ್ಷದವರಿಗೂ ಒಪ್ಪಿಗೆಯಾದ ಬೆಕ್‌ರವರೇ ಅದರ ಅಧ್ಯಕ್ಷರಾದರು. ಆಗ ಅವರಿಗೆ 60 ವರ್ಷ ವಯಸ್ಸು.

ಅಧ್ಯಕ್ಷಪದವಿ ಎಂಬದು ಇಲ್ಲಿ ಮಾನದ ಕುರ್ಚಿಯಲ್ಲ. ಕೆಲಸ ಕಳಕೊಂಡವರಿಗೆ ಅನ್ನ, ಶಾಲೆಯಿಂದ ಹೊರಗಾದ ಮಕ್ಕಳಿಗೆ ಬೇರೆ ಶಾಲೆ, ದೇಶ ಬಿಟ್ಟು ಹೋಗುವವರಿಗೆ ಪರದೇಶದಲ್ಲಿ ಉಪಯೋಗವಾಗುವ ಕೈಕಸಬು, ಹಡಗಿನ ಖರ್ಚು, ಇವೆಲ್ಲವನ್ನೂ ಸಭೆಯು ಒದಗಿಸಬೇಕಾಗಿತ್ತು. ಹೀಗೆ ಯುದ್ಧಕ್ಕೆ ಮುಂಚೆ ಜರ್ಮನಿಯ ಯೆಹೂದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ದೇಶದಿಂದ ಹೊರಗೆ ಹೋದರು.

1935ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗ್ ಎಂಬಲ್ಲಿ ಮಾಡಲ್ಪಟ್ಟ ಕಾಯಿದೆಗಳು ಯೆಹೂದ್ಯರ ನಾಗರಿಕ ಹಕ್ಕನ್ನು ಕಿತ್ತುಕೊಂಡವು. ಆ ಮೇಲೆ ದೋಷಪರಿಹಾರಕ ದಿನವು ಬಂತು. ಅದು ಯೆಹೂದ್ಯರು ಉಪವಾಸವಿದ್ದು ತಮ್ಮ ಪಾಪಗಳನ್ನು ಅರಿಕೆಮಾಡುವ ಅತಿ ಪರಿಶುದ್ಧ ದಿನ. ಬೆಕ್‌ರವರು ಒಂದು ಪ್ರಾರ್ಥನೆಯನ್ನು ಬರೆದು ದೇಶದ ಸಭಾಮಂದಿರಗಳಲ್ಲೆಲ್ಲಾ ಓದುವದಕ್ಕಾಗಿ ಕಳುಹಿಸಿದರು. ದೇವರ ಮುಂದೆ ನಾವು ತಲೆಬಾಗುತ್ತೇವೆ, ಆದರೆ ನಮ್ಮ ಮೇಲೆ ಹೊರಿಸಲ್ಪಟ್ಟ ಸುಳ್ಳುಗಳ ಮುಂದೆ ತಲೆಬಾಗುವದಿಲ್ಲ ಎಂಬದು ಅದರ ಭಾವ. ಗೆಸ್ಟಾಪೋ ಎಂಬ ಗುಪ್ತ ಪೊಲೀಸರು ಅದನ್ನು ಓದಕೂಡದೆಂದು ನಿಷೇಧಿಸಿ ಇವರನ್ನು ಸೆರೆಗೆ ಹಾಕಿದರು. ಕೆಲವು ದಿವಸಗಳಲ್ಲಿ ಬಿಡುಗಡೆಯಾಯಿತು. ಸೆರೆಯ ಬಾಗಿಲನ್ನು ಇವರು ಕಂಡದ್ದು ಅದೊಂದೇ ಸಾರಿಯಲ್ಲ.

1937ರಲ್ಲಿ ಪತ್ನಿಯು ತೀರಿಕೊಂಡಳು. ಮರುವರುಷದ ನವೆಂಬರ್ 9ರ ರಾತ್ರಿಯಲ್ಲಿ ಸರಕಾರದ ಪ್ರೇರಣೆಯಿಂದಲೇ ದೇಶದಾದ್ಯಂತ ಸಭಾಮಂದಿರಗಳಿಗೆ ಬೆಂಕಿಯಿಟ್ಟರು, ಅಂಗಡಿಗಳನ್ನು ಒಡೆದರು, ಸುಮಾರು 30,000 ಗಂಡಸರನ್ನು ಹಿಡಿದು ಸೆರೆಶಿಬಿರಗಳಿಗೆ ಸಾಗಿಸಿದರು. ನೆರೆಹೊರೆಯವರಲ್ಲಿ ಬಹುಮಂದಿ ಕಿಟಕಿಯೊಳಗಿನಿಂದ ನೋಡುತ್ತಾ ನಿಂತರು. ಕ್ರಿಸ್ತನ ಹೆಸರನ್ನು ಧರಿಸಿದ ಆ ದೇಶದ ಸಭೆಗಳಲ್ಲಿಯೂ ಬಾಯಿ ತೆರೆದವರು ಕೆಲವರೇ. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ. ಬರೆಯದೆ ಬಿಟ್ಟರೆ ಚರಿತ್ರೆಗೆ ಅನ್ಯಾಯವಾಗುತ್ತದೆ.

ಇವರಿಗೆ ಹೊರಟುಹೋಗುವ ಅನುಕೂಲವಿರಲಿಲ್ಲವೇ ಎಂದು ವಾಚಕರು ಕೇಳಬಹುದು. ಬೇಕಾದಷ್ಟಿತ್ತು. ಇಂಗ್ಲೆಂಡಿನಿಂದಲೂ ಅಮೇರಿಕದಿಂದಲೂ ಇವರಿಗೆ ಕರೆಗಳು ಬಂದವು. ಮಗಳೂ ಅಳಿಯನೂ ಮೊಮ್ಮಗಳೂ ಲಂಡನಿನಲ್ಲಿ ನೆಲೆಸಿದರು. 1939ರಲ್ಲಿ ಇವರು ತಾವೇ ಇಂಗ್ಲೆಂಡಿಗೆ ಹೋಗಿದ್ದರೂ ಅಲ್ಲಿ ನಿಲ್ಲದೆ ತಿರುಗಿ ಬರ್ಲಿನಿಗೆ ಬಂದರು. ಯೆಹೂದ್ಯರ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರಾದರೂ ಇರಬೇಕೆಂಬ ಕಟ್ಟಳೆಯುಂಟು. ಅಂಥ ಹತ್ತು ಮಂದಿ ಜರ್ಮನಿಯಲ್ಲಿ ಉಳಿದಿರುವ ತನಕ ತಮ್ಮ ಸ್ಥಳವೂ ಅಲ್ಲಿಯೇ ಎಂದು ಇವರ ನಿರ್ಣಯವಾಗಿತ್ತು. ಹಣವಿದ್ದವರೂ ಯೌವನಸ್ಥರೂ ಹೊರಟುಹೋದರು. ಉಳಿದವರು ಮುದುಕರು, ಬಡವರು, ರೋಗಿಗಳು. ಅವರಿಗಾಗಿಯೇ ಇವರು ಉಳಿದರು.

1939ರಲ್ಲಿ ಇವರ ಸಂಘವು ಗೆಸ್ಟಾಪೋದವರ ಕೈಕೆಳಗಾಯಿತು. 1941ರ ಅಕ್ಟೋಬರಿನಿಂದ ಬರ್ಲಿನಿನ ಯೆಹೂದ್ಯರನ್ನು ರೈಲುಗಾಡಿಗಳಲ್ಲಿ ತುಂಬಿ ಪೂರ್ವದೇಶಗಳಿಗೆ ಸಾಗಿಸತೊಡಗಿದರು; ಆ ಸಾಗಾಟದ ಏರ್ಪಾಡಿನಲ್ಲಿ ಸಂಘದವರೇ ಸಹಾಯಮಾಡುವಂತೆ ಬಲವಂತಪಡಿಸಲ್ಪಟ್ಟರು. ಇವರ ಜೊತೆಗೆಲಸದವರಾದ ಓಟೋ ಹಿರ್ಷ್ ಎಂಬವರು 1941ರಲ್ಲಿ ಮೌಟ್‌ಹೌಸೆನ್ ಶಿಬಿರದಲ್ಲಿ ಸತ್ತರು. ಇಂಥ ದಿವಸಗಳಲ್ಲಿಯೂ ಬೆಕ್‌ರವರು ರಬ್ಬಿಗಳ ಪಾಠಶಾಲೆಯಲ್ಲಿ ಉಳಿದಿದ್ದ ಎರಡು ಮೂರು ಮಂದಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. 1942ರಲ್ಲಿ ಸರಕಾರವು ಅದನ್ನು ಮುಚ್ಚಿಸುವ ವರೆಗೆ ಬಿಡಲಿಲ್ಲ. ಕೆಲವು ಮಂದಿ ಜರ್ಮನರು ಗುಟ್ಟಾಗಿ ಇವರಿಗೆ ಹಣ್ಣು, ತರಕಾರಿಗಳನ್ನು ತಂದುಕೊಡುತ್ತಿದ್ದರೆಂಬದನ್ನೂ ಇಲ್ಲಿ ಹೇಳತಕ್ಕದ್ದು.

1943ರ ಜನವರಿ 27ರ ಬೆಳಗಿನ ಜಾವದಲ್ಲಿ ಗೆಸ್ಟಾಪೋದವರು ಇವರ ಬಾಗಿಲಿಗೂ ಬಂದರು. ಹೊರಡುವದಕ್ಕೆ ಒಂದು ತಾಸು ಅವಕಾಶ ಕೊಡಬೇಕೆಂದು ಇವರು ಕೇಳಿಕೊಂಡರು. ಆ ಒಂದು ತಾಸಿನಲ್ಲಿ ಇವರು ಮಾಡಿದ್ದೇನು? ಲಂಡನಿನಲ್ಲಿದ್ದ ಮಗಳಿಗೆ ಒಂದು ಕಾಗದ ಬರೆದರು. ಬಳಿಕ ಮನೆಯ ಗ್ಯಾಸಿಗೂ ವಿದ್ಯುತ್ ದೀಪಕ್ಕೂ ಕೊಡಬೇಕಾಗಿದ್ದ ಹಣಕ್ಕೆ ಮನಿಆರ್ಡರುಗಳನ್ನು ಬರೆದು ಲೆಕ್ಕ ತೀರಿಸಿದರು. ತನ್ನದನ್ನೆಲ್ಲಾ ಕಿತ್ತುಕೊಂಡ ದೇಶಕ್ಕೆ ಒಂದು ಕಾಸಿನ ಬಾಕಿಯನ್ನೂ ಇಟ್ಟುಕೊಳ್ಳದೆ ಎದ್ದು ನಡೆದರು. ಇದು ಸಣ್ಣ ಸಂಗತಿ ಎಂದು ಕೆಲವರು ನಗಬಹುದು. ನಾವು ಹಾಗೆ ಎಣಿಸುವದಿಲ್ಲ. ಕಳ್ಳರ ರಾಜ್ಯದಲ್ಲಿಯೂ ತಾನು ಪ್ರಾಮಾಣಿಕನಾಗಿಯೇ ಇರುವೆನೆಂಬದು ಕಡಿಮೆಯಾದ ಪ್ರತಿಭಟನೆಯಲ್ಲ.

3. ತೆರೇಸಿನ್‌ಷ್ಟಾಟ್

ಇವರನ್ನು ಸಾಗಿಸಿದ್ದು ಬೊಹೆಮಿಯದಲ್ಲಿ ಪ್ರಾಗ್ ಪಟ್ಟಣದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ತೆರೇಸಿನ್‌ಷ್ಟಾಟ್ ಎಂಬ ಹಳೆಯ ಕೋಟೆಯೂರಿಗೆ. ಮುಂಚೆ ಸಿಪಾಯಿಗಳೂ ಊರವರೂ ಕೂಡಿ ಸುಮಾರು 7,000 ಜನ ವಾಸಿಸಿದ್ದ ಆ ಸ್ಥಳದಲ್ಲಿ 1942ರ ಸೆಪ್ಟೆಂಬರಿನಲ್ಲಿ 50,000ಕ್ಕೂ ಹೆಚ್ಚು ಯೆಹೂದ್ಯರನ್ನು ತುಂಬಿದ್ದರು. ಜನರು ಅಟ್ಟಗಳಲ್ಲಿಯೂ ನೆಲಮಾಳಿಗೆಗಳಲ್ಲಿಯೂ ಮಲಗಿದರು. ಹಸಿವೆಯೂ ಭೇದಿಯೂ ಹೇನುಗಳೂ ಮುದುಕರನ್ನು ತಿಂದುಹಾಕಿದವು. ಆ ಒಂದೇ ತಿಂಗಳಲ್ಲಿ 3,000ಕ್ಕೂ ಹೆಚ್ಚು ಜನರು ಸತ್ತರು. ಬೆಕ್‌ರವರ ನಾಲ್ವರು ಸಹೋದರಿಯರು ಅಲ್ಲಿಯೇ ಪ್ರಾಣ ಬಿಟ್ಟರು.

ಹೆಣ ಸಾಗಿಸುವ ಹಳೆಯ ಬಂಡಿಗಳೇ ಆ ಊರಲ್ಲಿ ಎಲ್ಲಾ ಕೆಲಸಕ್ಕೂ ಉಪಯೋಗವಾಗುತ್ತಿದ್ದವು; ಅವುಗಳಲ್ಲಿಯೇ ಶವಗಳನ್ನೂ, ಅವುಗಳಲ್ಲಿಯೇ ರೊಟ್ಟಿಯನ್ನೂ ತರುತ್ತಿದ್ದರು. ಎಳೆಯುವದಕ್ಕೆ ಎತ್ತು ಕುದುರೆಗಳಿಗೆ ಬದಲಾಗಿ ಮನುಷ್ಯರಿದ್ದರು. ಜರ್ಮನಿಯ ಯೆಹೂದ್ಯರೆಲ್ಲರಿಗೂ ಅಧ್ಯಕ್ಷರಾಗಿದ್ದ, ಎಪ್ಪತ್ತಕ್ಕೆ ಸಮೀಪಿಸಿದ್ದ ಈ ಪಂಡಿತರಿಗೆ ಕಸದ ಬಂಡಿಯನ್ನು ಎಳೆಯುವ ಕೆಲಸ ಬಿತ್ತು. ನೊಗಕ್ಕೆ ಹೆಗಲು ಕೊಟ್ಟುಕೊಂಡೇ ಇವರು ಜೊತೆಯವನ ಸಂಗಡ ಪ್ರವಾದಿಯಾದ ಯೆಶಾಯನ ವಿಷಯವಾಗಿಯೂ ಗ್ರೀಕ್ ತತ್ವಜ್ಞಾನಿಯಾದ ಪ್ಲೇಟೋವಿನ ವಿಷಯವಾಗಿಯೂ ಸಂಭಾಷಿಸುತ್ತಿದ್ದರು. ನೊಗ ಹೊತ್ತವನು ಪಶುವಾಗಬೇಕೆಂಬದು ಶತ್ರುವಿನ ಉದ್ದೇಶ. ನೊಗವನ್ನು ಹೊತ್ತರು, ಪಶುವಾಗಲಿಲ್ಲ.

70 ವರ್ಷ ತುಂಬಿದ ಮೇಲೆ ಇವರಿಗೆ ಬಂಡಿಯ ಕೆಲಸ ತಪ್ಪಿತು. ಆಗ ರೋಗಿಗಳನ್ನು ಸಂದರ್ಶಿಸುವದೂ, ಸತ್ತವರಿಗೆ ಅಂತ್ಯಪ್ರಾರ್ಥನೆ ಮಾಡುವದೂ, ಉಪನ್ಯಾಸ ಕೊಡುವದೂ ಇವರ ನಿತ್ಯದ ಕೆಲಸವಾಯಿತು. ಹಗಲೆಲ್ಲಾ ದುಡಿದು ಹಸಿದವರು ರಾತ್ರಿಯಲ್ಲಿ ದೀಪವಿಲ್ಲದ ಅಟ್ಟದಲ್ಲಿ ಒತ್ತೊತ್ತಾಗಿ ನಿಂತು, ಒಮ್ಮೊಮ್ಮೆ ಏಳುನೂರು ಮಂದಿಯ ವರೆಗೂ ಕೂಡಿ, ಇವರು ಪ್ರವಾದಿಗಳನ್ನೂ ತತ್ವಜ್ಞಾನಿಗಳನ್ನೂ ಕುರಿತು ಹೇಳುವದನ್ನು ಕೇಳುತ್ತಿದ್ದರು. ಹೊಟ್ಟೆಗಿಲ್ಲದವರಿಗೆ ತತ್ವಶಾಸ್ತ್ರವೇಕೆ? ಶಿಬಿರದವರು ಅವರನ್ನು ಅಂಕೆಗಳನ್ನಾಗಿ ಮಾಡಿದ್ದರು. ಆ ಒಂದು ತಾಸಿನಲ್ಲಿ ಅವರು ತಿರುಗಿ ಹೆಸರುಳ್ಳ ಮನುಷ್ಯರಾಗುತ್ತಿದ್ದರು. ಗುಂಪು ಹೋಗಿ ಸಭೆಯಾಗುತ್ತಿದ್ದರು.

ನಮ್ಮ ವಾಚಕರಿಗೆ ಇನ್ನೊಂದು ಸಂಗತಿಯನ್ನು ತಿಳಿಸಬೇಕು. ಹಿಟ್ಲರನ ಕಾಯಿದೆಗೆ ವಿಶ್ವಾಸವು ಬೇಕಿರಲಿಲ್ಲ, ವಂಶವು ಮಾತ್ರ ಬೇಕಾಗಿತ್ತು. ಯೆಹೂದ್ಯ ವಂಶದಲ್ಲಿ ಹುಟ್ಟಿ ದೀಕ್ಷಾಸ್ನಾನ ಹೊಂದಿದ್ದ ಕ್ರೈಸ್ತರನ್ನು ಸಹ ತೆರೇಸಿನ್‌ಷ್ಟಾಟಿಗೆ ತಂದಿದ್ದರು. ಅವರೊಳಗೆ ಅರ್ಥರ್ ಗೋಲ್ಡ್‌ಷ್ಮಿಟ್ ಎಂಬ ನಿವೃತ್ತ ನ್ಯಾಯಾಧಿಪತಿಯೊಬ್ಬರು, ಪಾದ್ರಿಯಲ್ಲದಿದ್ದರೂ, ಪ್ರಾಟೆಸ್ಟಂಟರನ್ನು ಕೂಡಿಸಿ ಅಟ್ಟವೊಂದರಲ್ಲಿ ಆರಾಧನೆ ನಡಿಸುತ್ತಿದ್ದರು. ಹುಟ್ಟಿನಿಂದ ಮನುಷ್ಯನಿಗೆ ಬೆಲೆ ಕಟ್ಟುವವರ ಕೈಯಲ್ಲಿ ರಬ್ಬಿಯ ಹಿಂಡಿಗೂ ಪಾದ್ರಿಯ ಹಿಂಡಿಗೂ ಒಂದೇ ಗತಿಯಾಯಿತು. ಹುಟ್ಟಿನ ಮೇಲೆ ಮನುಷ್ಯರನ್ನು ವಿಂಗಡಿಸುವದು ಎಂಥಾದ್ದೆಂದು ನಮ್ಮ ಹಳ್ಳಿಯವರಿಗೆ ಬೇರೆ ವಿವರಿಸಬೇಕಾಗಿಲ್ಲ.

4. ಹೇಳದೆ ಉಳಿದ ಮಾತು

ಈಗ ಈ ಚರಿತ್ರೆಯಲ್ಲಿ ಅತಿ ಭಾರವಾದ ವಿಷಯಕ್ಕೆ ಬರುತ್ತೇವೆ. ತೆರೇಸಿನ್‌ಷ್ಟಾಟ್ ಅನೇಕರಿಗೆ ದಾರಿಯ ಒಂದು ತಂಗುಮನೆ ಮಾತ್ರವಾಗಿತ್ತು. ಅಲ್ಲಿಂದ ಪೂರ್ವದಿಕ್ಕಿಗೆ ರೈಲುಗಳು ಹೊರಡುತ್ತಿದ್ದವು. ಬೇರೆ ಶಿಬಿರದಲ್ಲಿ ಕೆಲಸವುಂಟೆಂದು ಜನರಿಗೆ ಹೇಳುತ್ತಿದ್ದರು. 1943ರ ಆಗಸ್ಟಿನಲ್ಲಿ ಒಬ್ಬ ಇಂಜಿನಿಯರನು ಬೆಕ್‌ರವರ ಬಳಿಗೆ ಗುಟ್ಟಾಗಿ ಬಂದು, ಆ ರೈಲುಗಳು ಮುಟ್ಟುವ ಔಷ್ವಿಟ್ಸ್ ಎಂಬಲ್ಲಿ ಕೆಲಸಕ್ಕೆ ಆರಿಸಲ್ಪಟ್ಟವರನ್ನು ಬಿಟ್ಟು ಮಿಕ್ಕವರನ್ನು ವಿಷವಾಯುವಿನಿಂದ ಕೊಲ್ಲುತ್ತಾರೆಂದು ತಿಳಿಸಿದನು.

ಕುರುಬನಿಗೆ ಮುಂದೆ ಹಳ್ಳವಿದೆಯೆಂದು ಗೊತ್ತಾಯಿತು, ಮಂದೆಗೆ ಗೊತ್ತಿಲ್ಲ. ಏನು ಮಾಡಬೇಕು? ಬಹಳ ಹೋರಾಟದ ನಂತರ ಬೆಕ್‌ರವರು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿಕೊಂಡರು. ಹಿರಿಯರ ಮಂಡಲಿಗೆ ಹೇಳಿದರೆ ಕೆಲವು ತಾಸುಗಳಲ್ಲಿ ಊರಿಗೆಲ್ಲಾ ತಿಳಿಯುವದು. ವಿಷವಾಯುವಿನ ಮರಣವನ್ನು ಎದುರುನೋಡುತ್ತಾ ಬದುಕುವದು ಮರಣಕ್ಕಿಂತ ಕಠಿಣ. ಹೋದವರೆಲ್ಲರೂ ಸಾಯುವದು ನಿಶ್ಚಯವೂ ಅಲ್ಲ. ಇವು ಅವರು ಯುದ್ಧದ ನಂತರ ತಾವೇ ಕೊಟ್ಟ ಕಾರಣಗಳು. 1949ರಲ್ಲಿ ಅಚ್ಚಾದ ಅವರ ವೃತ್ತಾಂತದಲ್ಲಿ ಅವರು ಇದನ್ನು ಮರೆಮಾಡದೆ ತಿಳಿಸಿದ್ದಾರೆ.

1944ರ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 28ರ ವರೆಗೆ ಹನ್ನೊಂದು ರೈಲುಗಳಲ್ಲಿ 18,000ಕ್ಕೂ ಹೆಚ್ಚು ಜನರು ಔಷ್ವಿಟ್ಸಿಗೆ ಸಾಗಿಸಲ್ಪಟ್ಟರು. ಮೊದಲು ಗಟ್ಟಿಮುಟ್ಟಾದ ಗಂಡಸರನ್ನು ಕರಕೊಂಡು ಹೋದರು. ಗಂಡಂದಿರನ್ನು ಸೇರಿಕೊಳ್ಳಬೇಕೆಂದು ಕೆಲವರ ಹೆಂಡಂದಿರು ತಾವಾಗಿಯೇ ಮುಂದಿನ ರೈಲುಗಳಿಗೆ ಹೆಸರು ಕೊಟ್ಟರು. ಆ ಸ್ತ್ರೀಯರಿಗೆ ಸತ್ಯವು ತಿಳಿದಿದ್ದರೆ ಹೆಸರು ಕೊಡುತ್ತಿದ್ದರೋ? ಈ ಪ್ರಶ್ನೆಯನ್ನು ಬೆಕ್‌ರವರ ಮೇಲೆ ಎತ್ತಿದವರು ಅವರ ಜನರಲ್ಲಿಯೇ ಉಂಟು. ಹಾನ್ನಾ ಆರೆಂಟ್ ಎಂಬ ಪಂಡಿತೆಯು 1963ರಲ್ಲಿ ಅವರ ಮೌನವನ್ನು ಕಠಿಣವಾಗಿ ಖಂಡಿಸಿದಳು. ಬೇರೆಯವರು ಉತ್ತರವಾಗಿ, ಸುತ್ತಲೂ ಕೋಟೆಯೂ ಕಾವಲೂ ಇದ್ದು, ಒಳಗೆ ಆಯುಧವಿಲ್ಲದ ಮುದುಕರೂ ಮಕ್ಕಳೂ ತುಂಬಿದ್ದಾಗ, ತಿಳಿದು ಮಾಡುವದೇನಿತ್ತು ಎಂದು ಕೇಳಿದ್ದಾರೆ.

ಸಾಯುವ ರೋಗಿಯ ಹಾಸಿಗೆಯ ಬಳಿಯಲ್ಲಿ ಕೂತು, ವೈದ್ಯನು ಹೇಳಿದ್ದನ್ನು ಹೇಳಲೋ ಬಿಡಲೋ ಎಂದು ತಳಮಳಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅದು ಒಬ್ಬನ ಸಂಗತಿ, ಇದು ಸಾವಿರಾರು ಮಂದಿಯ ಸಂಗತಿ. ತನ್ನ ಮರಣವನ್ನು ತಿಳಿದುಕೊಳ್ಳುವ ಹಕ್ಕು ಮನುಷ್ಯನಿಗೆ ಉಂಟೆಂದು ನಾವು ಎಣಿಸುತ್ತೇವೆ; ಆದರೂ ಆ ಸ್ಥಳದಲ್ಲಿ ನಿಲ್ಲದ ನಾವು ನಿಂತವರನ್ನು ತೀರ್ಪು ಮಾಡಲು ಧೈರ್ಯಪಡುವದಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆವು: ಜನರ ಸಂಗಡ ಉಳಿಯುವೆನೆಂದು ನಿಶ್ಚಯಿಸಿದವನಿಗೆ ಎಲ್ಲಾ ದಾರಿಗಳೂ ಶುದ್ಧವಾಗಿ ಕಾಣುವವೆಂದು ಯಾರೂ ನೆನಸಬಾರದು. ಓಡಿಹೋದವನಿಗೆ ಇಂಥ ಹೊರೆ ಬೀಳುವದಿಲ್ಲ. ಉಳಿದವನ ಮೇಲೆಯೇ ಬೀಳುವದು.

5. ಬಿಡುಗಡೆಯೂ ಅಂತ್ಯಕಾಲವೂ

ಇವರು ಉಳಿದದ್ದು ಹೇಗೆ? ಬೆಕ್‌ರವರು ತಾವೇ ತಿಳಿಸಿರುವ ಪ್ರಕಾರ, ಅದೇ ಶಿಬಿರದಲ್ಲಿ ಸುಮಾರಾಗಿ ಅದೇ ಹೆಸರಿನ ಮೊರಾವಿಯ ಸೀಮೆಯ ಇನ್ನೊಬ್ಬ ರಬ್ಬಿಯು ಸತ್ತಾಗ, ಸತ್ತವರು ಇವರೇ ಎಂದು ಬರ್ಲಿನಿಗೆ ವರದಿಯಾಗಿತ್ತು. 1945ರ ಏಪ್ರಿಲಿನಲ್ಲಿ ಐಖ್‌ಮನ್ ಎಂಬ ಕ್ರೂರ ಅಧಿಕಾರಿಯು ಶಿಬಿರಕ್ಕೆ ಬಂದು ಇವರನ್ನು ಜೀವಂತವಾಗಿ ಕಂಡು ಬೆರಗಾದನು. ಇನ್ನು ತಮ್ಮ ಗಳಿಗೆ ಬಂತೆಂದು ಇವರು ಕಡೇ ಕಾಗದಗಳನ್ನು ಬರೆದಿಟ್ಟು ಸಿದ್ಧರಾದರು. ಅಷ್ಟರೊಳಗೆ ಹಿಟ್ಲರನ ರಾಜ್ಯವೇ ಕುಸಿದು ಬಿತ್ತು. ಮೇ ತಿಂಗಳ ಆರಂಭದಲ್ಲಿ ರೆಡ್ ಕ್ರಾಸ್ ಸಂಘದವರು ಶಿಬಿರವನ್ನು ವಹಿಸಿಕೊಂಡರು. ಮೇ 8ರಂದು ರಷ್ಯದ ಸೈನ್ಯವು ಬಂತು.

ಆದರೆ ಮರಣವು ಇನ್ನೂ ಹೊರಟುಹೋಗಿರಲಿಲ್ಲ. ಬೇರೆ ಶಿಬಿರಗಳಿಂದ ಸಾವಿರಾರು ಅಸ್ಥಿಪಂಜರದಂಥ ಸೆರೆಯಾಳುಗಳನ್ನು ಕಡೇ ವಾರಗಳಲ್ಲಿ ಅಲ್ಲಿಗೆ ಅಟ್ಟಿಕೊಂಡು ಬಂದಿದ್ದರು. ಅವರ ಸಂಗಡ ಹೇನಿನಿಂದ ಹರಡುವ ಟೈಫಸ್ ಜ್ವರವೂ ಬಂತು. ಇವರನ್ನು ವಿಮಾನದಲ್ಲಿ ಲಂಡನಿಗೆ ಕರಕೊಂಡು ಹೋಗಲು ಮಿತ್ರಸೈನ್ಯದವರು ಬಂದರು. ರೋಗಿಗಳನ್ನು ಬಿಟ್ಟು ಬರಲಾರೆನೆಂದು ಇವರು ಹಿಂದೆ ನಿಂತು, ಉಳಿದವರಿಗೆ ಏರ್ಪಾಡಾದ ಮೇಲೆಯೇ ಜುಲೈ ತಿಂಗಳಲ್ಲಿ ಮಗಳನ್ನು ಕಂಡರು. ಕಾವಲುಗಾರರು ಕೈಗೆ ಸಿಕ್ಕಿದಾಗ ಸೆರೆಯಾಳುಗಳು ಅವರನ್ನು ಕೊಲ್ಲದಂತೆ ಇವರು ತಡೆದರೆಂದು ಇವರ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ.

ಲೆಕ್ಕವು ಭಯಂಕರವಾದದ್ದು. ತೆರೇಸಿನ್‌ಷ್ಟಾಟಿಗೆ ತರಲ್ಪಟ್ಟ ಸುಮಾರು 1,40,000 ಜನರಲ್ಲಿ 33,000ದಷ್ಟು ಜನರು ಅಲ್ಲಿಯೇ ಸತ್ತರು. ಸುಮಾರು 88,000 ಜನರು ಔಷ್ವಿಟ್ಸ್ ಮೊದಲಾದ ಕಡೆಗಳಿಗೆ ಸಾಗಿಸಲ್ಪಟ್ಟರು, ಅವರಲ್ಲಿ ತಿರುಗಿ ಬಂದವರು ಸ್ವಲ್ಪವೇ. ಯೂರೋಪಿನಲ್ಲಿ ಒಟ್ಟು ಸುಮಾರು 60 ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟರು.

ಮುಂದೆ ಇವರು ಹನ್ನೊಂದು ವರ್ಷ ಬದುಕಿದರು. ಲಂಡನಿನಲ್ಲಿ ನೆಲೆಸಿ, ಚದರಿಹೋದ ತಮ್ಮ ಜನರನ್ನು ಕೂಡಿಸುವದರಲ್ಲಿಯೂ, ಅಮೇರಿಕದ ಸಿನ್ಸಿನಾಟಿ ಪಟ್ಟಣದ ರಬ್ಬಿಗಳ ಶಾಲೆಯಲ್ಲಿ ಪಾಠ ಹೇಳುವದರಲ್ಲಿಯೂ ಕಾಲ ಕಳೆದರು. 1948ರಲ್ಲಿ ಜರ್ಮನಿಗೂ ಹೋಗಿ ಬಂದರು. ತಮ್ಮ ಜನಾಂಗದ ಬಾಳನ್ನು ಕುರಿತು ಶಿಬಿರದಲ್ಲಿ ಸಿಕ್ಕಿದ ಕಾಗದದ ಚೂರುಗಳ ಮೇಲೆ ಬರೆಯುತ್ತಿದ್ದ ಗ್ರಂಥವನ್ನು ಪೂರೈಸಿದರು. ಅದರ ಮೊದಲನೆಯ ಭಾಗವು 1955ರಲ್ಲಿ ಪ್ರಕಟವಾಯಿತು. ಜರ್ಮನಿಯ ಯೆಹೂದ್ಯರ ಚರಿತ್ರೆಯನ್ನು ಕಾಪಾಡುವದಕ್ಕಾಗಿ ಅದೇ ವರುಷದಲ್ಲಿ ಇವರ ಹೆಸರಿನಿಂದಲೇ ಸ್ಥಾಪಿಸಲ್ಪಟ್ಟ ಸಂಸ್ಥೆಯು ಯೆರೂಸಲೇಮ್, ಲಂಡನ್, ನ್ಯೂಯಾರ್ಕ್ ಪಟ್ಟಣಗಳಲ್ಲಿ ಇಂದಿಗೂ ಕೆಲಸ ನಡಿಸುತ್ತದೆ. 1956ರ ನವೆಂಬರ್ 2ರಂದು, 83 ವರ್ಷದವರಾಗಿ, ಲಂಡನಿನಲ್ಲಿ ತೀರಿಕೊಂಡರು.

ಪ್ರಿಯ ವಾಚಕರೇ, ಇವರ ಚರಿತ್ರೆಯಲ್ಲಿ ನೀವು ಅದ್ಭುತಗಳನ್ನು ಹುಡುಕಬೇಡಿರಿ. ಲೆಕ್ಕ ತೀರಿಸಿದ್ದು, ಬಂಡಿ ಎಳೆದದ್ದು, ಕತ್ತಲೆಯಲ್ಲಿ ಪಾಠ ಹೇಳಿದ್ದು, ಜ್ವರದವರ ಬಳಿಯಲ್ಲಿ ಉಳಿದದ್ದು, ಇಷ್ಟೇ. ಒಂದೊಂದನ್ನೂ ಪ್ರತ್ಯೇಕವಾಗಿ ನೋಡಿದರೆ ನಮ್ಮಲ್ಲಿ ಯಾರಾದರೂ ಮಾಡಬಹುದಾದ ಕೆಲಸ. ಅವೆಲ್ಲವನ್ನೂ ಸೇರಿಸಿದಾಗ, ಒಂದು ಮಹಾರಾಜ್ಯವು ತನ್ನ ಸರ್ವಬಲದಿಂದ ಮುರಿಯಲು ನೋಡಿದರೂ ಮುರಿಯಲಾರದ ಒಬ್ಬ ಮನುಷ್ಯನು ಕಾಣುತ್ತಾನೆ. ನಿಮ್ಮ ಊರಲ್ಲಿಯೂ ಕಷ್ಟಕಾಲ ಬಂದು ಬಲವುಳ್ಳವರೆಲ್ಲರೂ ಗಂಟು ಕಟ್ಟಿಕೊಂಡು ಹೊರಟಾಗ, ಹೋಗಲಾರದ ಮುದುಕಿಯೂ ರೋಗಿಯೂ ಹಿಂದೆ ಉಳಿದಿರುತ್ತಾರೆ. ಅವರ ಬಾಗಿಲಲ್ಲಿ ಆ ದಿನ ಯಾರು ನಿಲ್ಲುವರೆಂದು ಈಗಲೇ ನಿಶ್ಚಯಿಸಿಕೊಳ್ಳಿರಿ.